ಹಳೆಯ ಜಾವಾದ ಎಂಜಿನಿಗೆ ಮರುಹುಟ್ಟು

ಗಡಿನಾಡಿನ ಹಳೆಯ ಮನೆಗಳಲ್ಲಿ ಹಟ್ಟಿಯ ಬದಿಯ ಇಳಿಮಾಡಿನಲ್ಲೋ, ಅಡಕೆ ತುಂಬಿಡುವ ಕೋಣೆಯ ಮೂಲೆಯಲ್ಲೋ ಗೋಣಿ ಹೊದ್ದು ನಿಂತಿರುವ ಮೋಟಾರು ಸೈಕಲುಗಳು ಇಂದಿಗೂ ಕಾಣಸಿಗುತ್ತವೆ. ಒಂದು ಕಾಲದಲ್ಲಿ ಅವು ಯಜಮಾನನನ್ನು ಪೇಟೆಗೆ, ಮಕ್ಕಳನ್ನು ಶಾಲೆಗೆ, ವೈದ್ಯರನ್ನು ರೋಗಿಯ ಮನೆಗೆ ಮುಟ್ಟಿಸಿದ ವಾಹನಗಳು. ಇಂದು ಅವುಗಳ ಮುಂದೆ ಇರುವುದು ಎರಡೇ ದಾರಿ. ಒಂದು, ಗುಜರಿಯವನ ತಕ್ಕಡಿ. ಇನ್ನೊಂದು, ಯಾರಾದರೂ ಮನಸ್ಸು ಮಾಡಿ ಎಂಜಿನನ್ನು ಪೂರ್ತಿಯಾಗಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸುವುದು. ಈ ಎರಡನೆಯ ದಾರಿ ತಜ್ಞರಿಗೆ ಮಾತ್ರ ಮೀಸಲೆಂದು ಬಹಳ ಮಂದಿಯ ಭಾವನೆ. ಹಾಗೇನೂ ಇಲ್ಲ. ಇದಕ್ಕೆ ಬೇಕಾದುದು ತೋಳಿನ ಬಲವಲ್ಲ. ಅಳತೆ, ಅನುಕ್ರಮ ಮತ್ತು ತಾಳ್ಮೆ. ಯಾವ ಕೆಲಸವನ್ನು ಮನೆಯಂಗಳದಲ್ಲೇ ಮಾಡಬಹುದು, ಯಾವುದನ್ನು ಲೇತಿನವರಿಗೆ ಒಪ್ಪಿಸಬೇಕು ಎಂಬ ವಿವೇಕವಿದ್ದರೆ ಮೊದಲ ಬಾರಿಗೆ ಕೈಹಾಕುವವರೂ ಗೆಲ್ಲಬಹುದು. ಆದರೆ ಈ ಯಂತ್ರಗಳ ಮರ್ಮ ಬಲ್ಲ ಹಿರಿಯ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಆದುದರಿಂದ ಮಾಡುವುದಾದರೆ ಈಗಲೇ ಮಾಡಬೇಕು.

ಮೈಸೂರಿನಿಂದ ಬಂದ ಯಂತ್ರ

ನಮ್ಮ ಕಡೆ ಉಳಿದಿರುವ ಇಂತಹ ಯಂತ್ರಗಳಲ್ಲಿ ಕನ್ನಡಿಗರಿಗೆ ಹೆಚ್ಚು ಆಪ್ತವಾದದ್ದು ಜಾವಾ. ಹುಟ್ಟಿನಿಂದ ಅದು ಪರದೇಶಿ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಈ ಹೆಸರನ್ನಿಟ್ಟ. ಭಾರತದಲ್ಲಿ ಇದನ್ನು ತಯಾರಿಸಲು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಿಂದ ಅಲ್ಲಿಯ ಯಂತ್ರಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮಾರುಕಟ್ಟೆಗೆ ಮರಳಿ ಬಂದಿರುವುದನ್ನು ಓದುಗರು ಬಲ್ಲರು. ಆದರೆ ಈ ಹೊಸ ಯಂತ್ರಗಳು ನೀರಿನಿಂದ ತಣಿಯುವ, ನಾಲ್ಕು ಹೊಡೆತದ ಎಂಜಿನಿನವು. ಹಳೆಯದಕ್ಕೂ ಇವಕ್ಕೂ ಹೆಸರಿನ ನಂಟು ಮಾತ್ರ. ಎಂಜಿನಿನ ಬಿಡಿಭಾಗಗಳು ಹೊಂದುವುದಿಲ್ಲ. ಹಳೆಯ ಯಂತ್ರದ ಭಾಗಗಳನ್ನು ಇಂದು ಮೈಸೂರು, ಬೆಂಗಳೂರಿನಂತಹ ಊರುಗಳ ಹಳೆಯ ಅಂಗಡಿಗಳಲ್ಲೂ ಹವ್ಯಾಸಿಗಳ ಬಳಿಯಲ್ಲೂ ಹುಡುಕಬೇಕು. ಗುಣದಲ್ಲಿ ಅವೆಲ್ಲ ಒಂದೇ ತೆರನಾಗಿರುವುದಿಲ್ಲ. ಕೊಂಡ ಭಾಗವನ್ನು ಅಳೆಯದೆ ಜೋಡಿಸಬಾರದೆಂಬುದು ಮೊದಲ ಪಾಠ.

ಇಲ್ಲಿ ವಿವರಿಸುವುದು 250 ಸಿ.ಸಿ.ಯ 353ನೆಯ ಮಾದರಿಯ ಎಂಜಿನನ್ನು. ಅದರ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನಿನ ಓಟ 75 ಮಿ.ಮೀ. ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಗೇರು ಹಾಕುವ ಕೈಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವ ಚಮತ್ಕಾರವನ್ನು ಕಂಡು ಮಕ್ಕಳು ಬೆರಗಾಗುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು.

ತಿದಿಯಂತೆ ಕೆಲಸ ಮಾಡುವ ಹೊಟ್ಟೆ

ಬಿಚ್ಚುವ ಮುನ್ನ ಎಂಜಿನು ಹೇಗೆ ಉಸಿರಾಡುತ್ತದೆಂಬುದನ್ನು ತಿಳಿದಿರಬೇಕು. ಇದು ಎರಡು ಹೊಡೆತದ ಎಂಜಿನು. ನಾಲ್ಕು ಹೊಡೆತದವುಗಳಲ್ಲಿರುವಂತೆ ಇದರಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಪಿಸ್ಟನು ಮೇಲೇರುವಾಗ ಅದರ ನೆತ್ತಿಯ ಮೇಲಿನ ಪೆಟ್ರೋಲು ಗಾಳಿಯ ಮಿಶ್ರಣ ಒತ್ತಲ್ಪಡುತ್ತದೆ. ಅದೇ ವೇಳೆಗೆ ಕೆಳಗಿನ ಕ್ರ್ಯಾಂಕ್ ಕೇಸಿನೊಳಕ್ಕೆ ಹೊಸ ಮಿಶ್ರಣ ಎಳೆಯಲ್ಪಡುತ್ತದೆ. ಕಿಡಿ ಹಾರಿ ಪಿಸ್ಟನು ಕೆಳಗಿಳಿಯುವಾಗ ಸುಟ್ಟ ಹೊಗೆ ಹೊರಹೋಗುತ್ತದೆ. ಕ್ರ್ಯಾಂಕ್ ಕೇಸಿನಲ್ಲಿದ್ದ ಮಿಶ್ರಣ ಒತ್ತಡಕ್ಕೊಳಗಾಗಿ ಪಕ್ಕದ ಕಿಂಡಿಗಳ ಮೂಲಕ ಮೇಲೇರುತ್ತದೆ.

ಅಂದರೆ ಕ್ರ್ಯಾಂಕ್ ಕೇಸು ಕೇವಲ ಲೋಹದ ಪೆಟ್ಟಿಗೆಯಲ್ಲ. ಅದು ಕಮ್ಮಾರನ ತಿದಿಯಿದ್ದಂತೆ. ತಿದಿಯಲ್ಲಿ ತೂತಿದ್ದರೆ ಒಲೆ ಉರಿದೀತೇ? ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಎಣ್ಣೆಸೀಲುಗಳು ಹಾಳಾದರೆ ಇಲ್ಲಿಯೂ ಆಗುವುದು ಅದೇ. ಎಡಗಡೆಯ ಸೀಲು ಸೋತರೆ ಕ್ಲಚ್ಚಿನ ಬದಿಯ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟು ಹೊಗೆ ಮೋಡದಂತೆ ಹೊರಬರುತ್ತದೆ. ಬಲಗಡೆಯದು, ಅಂದರೆ ಡೈನಮೋ ಬದಿಯದು ಸೋತರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ತಗ್ಗುತ್ತದೆ, ಎಂಜಿನು ಮಿತಿಮೀರಿ ಕಾಯುತ್ತದೆ, ಕೊನೆಗೆ ಪಿಸ್ಟನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರ ಒಮ್ಮೆಗೇ ಬಿಗಿದುಕೊಂಡು ಸವಾರನನ್ನು ಬೀಳಿಸಬಲ್ಲದು. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಸೀಲುಗಳ ರಬ್ಬರು ಒಣಗಿ ಗಟ್ಟಿಯಾಗಿರುವುದೇ ಹೆಚ್ಚು. ಆದಕಾರಣ, ಕಿಕ್ ಹೊಡೆದಾಗ ಎಂಜಿನು ಹೇಗೋ ಎದ್ದುಬಿಟ್ಟಿತೆಂದು ಹಿಗ್ಗಿ ರಸ್ತೆಗೆ ಇಳಿಸುವುದು ಕ್ಷೇಮವಲ್ಲ. ಹಾಳಾದ ಸೀಲನ್ನು ಬದಲಿಸುವುದು ಅಗ್ಗ, ಬದಲಿಸದಿರುವುದೇ ದುಬಾರಿ.

ಬಿಚ್ಚುವ ಮುನ್ನ

ನಮ್ಮ ಮನೆಯ ಜಾವಾ 1969ರದು. ಕನ್ನಡ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ನಮ್ಮ ತೀರ್ಥರೂಪರು ಅದನ್ನು ಮೂವತ್ತು ವರ್ಷ ಓಡಿಸಿದರು. 1999ರಲ್ಲಿ ಅದು ನಿಂತಿತು. ಅವರು ಕಾಲವಾದ ಮೇಲೆ ಗುಜರಿಯವರು ಎಷ್ಟೋ ಸಲ ಬಂದು ಕೇಳಿದರೂ ಅಮ್ಮ ಕೊಡಲೊಪ್ಪಲಿಲ್ಲ. 2024ರ ದೀಪಾವಳಿ ಕಳೆದ ಮೇಲೆ ಅಣ್ಣನ ಮಗಳು ಮತ್ತು ನಾನು ಅದರ ಎಂಜಿನು ಬಿಚ್ಚಲು ಕುಳಿತೆವು. ಅವಳು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿನಿ. ನನಗೆ ಇದು ಹೊಸತು. ಪುತ್ತೂರಿನ ಕಡೆಯ ವೃದ್ಧ ಮೆಕ್ಯಾನಿಕ್ ಒಬ್ಬರು ಮುಖ್ಯ ಹಂತಗಳಲ್ಲಿ ಬಂದು ಬಳಿಯಲ್ಲಿ ಕುಳಿತು ದಾರಿ ತೋರಿದರು. ದೃಷ್ಟಿ ಮಂದವಾಗಿದ್ದರೂ ಅವರ ಬೆರಳುಗಳಿಗೆ ಪ್ರತಿಯೊಂದು ಮರೆಯ ಪರಿಚಯವಿತ್ತು.

ಕಾಲವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲಿ ಬಿಚ್ಚಿಟ್ಟ ಉಕ್ಕಿನ ಭಾಗ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ಹವೆ ಈ ಕೆಲಸಕ್ಕೆ ಪ್ರಶಸ್ತ.

ಬಹುಕಾಲ ನಿಂತ ಎಂಜಿನನ್ನು ಕಿಕ್ಕರಿನಿಂದ ಬಲವಂತವಾಗಿ ತಿರುಗಿಸಬಾರದು. ಸಿಲಿಂಡರಿನೊಳಗೆ ತುಕ್ಕು ಹಿಡಿದಿದ್ದರೆ ರಿಂಗುಗಳು ಮುರಿದು ಗೋಡೆಯನ್ನು ಗೀರಿಬಿಡುತ್ತವೆ. ಸ್ಪಾರ್ಕ್ ಪ್ಲಗ್ಗನ್ನು ತೆಗೆದು ಆ ರಂಧ್ರದ ಮೂಲಕ ತೆಳುವಾದ ಎಣ್ಣೆ ಹೊಯ್ದು ಎರಡು ಮೂರು ದಿನ ಬಿಡಬೇಕು. ಬಳಿಕ ಮೆಲ್ಲನೆ ಅತ್ತಿತ್ತ ಅಲುಗಿಸಿ ನೋಡಬೇಕು. ಅಣ್ಣನ ಮಗಳು ಕಿಕ್ಕರಿನ ಮೇಲೆ ಕಾಲಿಟ್ಟಾಗ ಹಿರಿಯರು ಹೇಳಿದ್ದು ಇಷ್ಟೇ: "ಒತ್ತಾಯ ಬೇಡ ಮಗಾ. ಅದಾಗಿ ಬಿಡ್ತದೆ." ಮೂರನೆಯ ದಿನ ಅದು ಬಿಟ್ಟಿತು.

ಆಮೇಲೆ ಬೇಕಾದುದು ವ್ಯವಸ್ಥೆ. ಹಳೆಯ ಬಿಸ್ಕತ್ತು ಡಬ್ಬಿಗಳನ್ನೂ ಮುಚ್ಚಳವಿರುವ ಬಾಟಲಿಗಳನ್ನೂ ಒಟ್ಟುಮಾಡಿ ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕು. ಒಂದು ಡಬ್ಬಿಗೆ ಒಂದು ಬದಿಯ ಭಾಗಗಳು ಮಾತ್ರ. ತೆಗೆಯುವ ಮೊದಲು ಒಂದು ಚಿತ್ರ, ತೆಗೆದ ಮೇಲೆ ಇನ್ನೊಂದು. ವಾಷರುಗಳು ಯಾವ ಅನುಕ್ರಮದಲ್ಲಿದ್ದವೋ ಅದೇ ಅನುಕ್ರಮದಲ್ಲಿ ತಂತಿಗೆ ಪೋಣಿಸಿಟ್ಟರೆ ಎರಡು ತಿಂಗಳ ಅನಂತರವೂ ಗೊಂದಲವಾಗದು. ಗೇರ್ ಪೆಟ್ಟಿಗೆಯಿಂದ ಬಸಿದ ಎಣ್ಣೆಯನ್ನು ಕೂಡಲೇ ಚೆಲ್ಲದೆ ಬಟ್ಟೆಯಲ್ಲಿ ಸೋಸಿ ನೋಡಬೇಕು. ನುಣ್ಣಗಿನ ಬೂದುಬಣ್ಣದ ಕೆಸರಿದ್ದರೆ ಸಾಮಾನ್ಯ ಸವೆತ. ಹೊಳೆಯುವ ಚೂರುಗಳಿದ್ದರೆ ಯಾವುದೋ ಹಲ್ಲು ಮುರಿದಿದೆ. ಚೆಲ್ಲುವಾಗಲೂ ಬಾವಿಯ ಬಳಿ, ತೋಟದ ಬುಡದಲ್ಲಿ ಚೆಲ್ಲಬಾರದೆಂದು ಬೇರೆ ಹೇಳಬೇಕಿಲ್ಲ.

ತೊಳೆಯಲು ಪೆಟ್ರೋಲನ್ನು ಬಳಸುವ ಅಭ್ಯಾಸ ಅಪಾಯಕರ. ಅದರ ಆವಿ ನೆಲಮಟ್ಟದಲ್ಲಿ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲದು. ಡೀಸೆಲ್ ಸಾಕು, ಅದನ್ನೂ ಮನೆಯ ಹೊರಗೆ, ಬೆಂಕಿಯಿಂದ ದೂರದಲ್ಲಿ ಬಳಸಬೇಕು. ಮಸಿ ಬಿಡಿಸಲೆಂದು ಅಲ್ಯೂಮಿನಿಯಮಿನ ಭಾಗಗಳನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಲೇಬಾರದು. ಕಾಸ್ಟಿಕ್ ಸೋಡಾ ಮಸಿಯೊಂದಿಗೆ ಲೋಹವನ್ನೂ ತಿಂದುಹಾಕುತ್ತದೆ.

ಒಂದು ಅಳತೆಯ ಮೇಲೆ ನಿಂತ ಭವಿಷ್ಯ

ಎಂಜಿನನ್ನು ಚೌಕಟ್ಟಿನಿಂದ ಇಳಿಸಿ, ತಲೆಯ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಸಿಲಿಂಡರನ್ನು ಮೇಲೆತ್ತಿದಾಗ ಪಿಸ್ಟನು ಕಾಣುತ್ತದೆ. ಕೂಡಲೇ ಕ್ರ್ಯಾಂಕ್ ಕೇಸಿನ ಬಾಯಿಗೆ ಶುಚಿಯಾದ ಬಟ್ಟೆ ತುರುಕಬೇಕು. ಪಿಸ್ಟನ್ ಪಿನ್ನಿನ ಎರಡೂ ತುದಿಗಳಲ್ಲಿರುವ ಸಣ್ಣ ಸರ್ಕ್ಲಿಪ್ಪು ತೆಗೆಯುವಾಗ ಸಿಡಿದು ಒಳಗೆ ಬಿದ್ದರೆ ಅದನ್ನು ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆ ಕ್ಲಿಪ್ಪುಗಳನ್ನು ಮರಳಿ ಬಳಸಬಾರದು. ಒಮ್ಮೆ ಬಾಗಿದ ಮೇಲೆ ಅವುಗಳ ಬಿಗಿ ಕಡಿಮೆಯಾಗುತ್ತದೆ. ಕೆಲವು ಪೈಸೆಯ ಉಳಿತಾಯಕ್ಕೆ ಸಿಲಿಂಡರನ್ನೇ ಪಣಕ್ಕಿಟ್ಟಂತಾಗುತ್ತದೆ.

ಈಗ ಬರುತ್ತದೆ ನಿರ್ಣಾಯಕ ಹಂತ. ಸಿಲಿಂಡರಿನ ಒಳಗೋಡೆ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ. ರಿಂಗುಗಳು ತಿರುಗಿ ಮರಳುವ ಮೇಲ್ಭಾಗದಲ್ಲಿ ಸವೆತ ಹೆಚ್ಚು. ಪಿಸ್ಟನು ಒತ್ತುವ ಮುಂದಣ ಹಿಂದಣ ಬದಿಗಳಲ್ಲಿಯೂ ಹೆಚ್ಚು. ಆದುದರಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿಯೊಂದರಲ್ಲೂ ಎರಡು ದಿಕ್ಕುಗಳಲ್ಲಿ, ಒಟ್ಟು ಆರು ಅಳತೆಗಳನ್ನು ಬೋರ್ ಗೇಜಿನಿಂದ ತೆಗೆಯಬೇಕು. ಇವುಗಳಲ್ಲಿ ಅತಿ ದೊಡ್ಡದು ಯಾವುದೋ ಅದೇ ಲೆಕ್ಕಕ್ಕೆ ಬರುವ ಅಳತೆ.

ಸವೆದ ಸಿಲಿಂಡರನ್ನು ತುಸು ಅಗಲವಾಗಿ ಕೊರೆಯಿಸಿ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು ಕ್ರಮ. ಪ್ರತಿ ಬಾರಿಯೂ ಕಾಲು ಮಿ.ಮೀ. ಹೆಚ್ಚುತ್ತದೆ. ನಮ್ಮ ತಂದೆಯವರು ಅಡಕೆಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬೋರ್ ಮಾಡಿಸಿದ ವರ್ಷಗಳನ್ನು ಬರೆದಿಟ್ಟಿದ್ದರು: 1978, 1986, 1993. ಮೂರು ಬಾರಿ ಆಗಿತ್ತು. ಅಂದರೆ 65 ಮಿ.ಮೀ. ಇದ್ದುದು 65.75 ಆಗಿತ್ತು. ನಮಗೆ ದೊರೆಯಬಹುದಾಗಿದ್ದ ಪಿಸ್ಟನುಗಳಲ್ಲಿ ಅತಿ ದೊಡ್ಡದು 66 ಮಿ.ಮೀ.ಗೆ ಸಲ್ಲುವಂತಹದು. ಸವೆತ ಅದನ್ನು ಮೀರಿದ್ದರೆ ಹಳೆಯ ಸಿಲಿಂಡರಿನ ಕಥೆ ಅಲ್ಲಿಗೆ ಮುಗಿದಂತೆ. ಒಳಗೆ ಹೊಸ ಕೊಳವೆ ಕೂರಿಸಿ ಸ್ಲೀವ್ ಮಾಡಿಸಬಹುದು ನಿಜ. ಆದರೆ ಎರಡು ಹೊಡೆತದ ಎಂಜಿನಿನಲ್ಲಿ ಆ ಕೊಳವೆಗೆ ಎಲ್ಲ ಕಿಂಡಿಗಳನ್ನೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕೊರೆಯಬಲ್ಲ ಕೆಲಸಗಾರರು ವಿರಳ.

ಅಣ್ಣನ ಮಗಳು ಅಳೆಯುತ್ತ ಹೋದಳು. ನಾನು ಬರೆಯುತ್ತ ಹೋದೆ. ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅತಿ ದೊಡ್ಡ ಅಳತೆ 65.88 ಮಿ.ಮೀ. ಬಂತು. ಉಳಿದಿದ್ದುದು ವ್ಯಾಸದಲ್ಲಿ 0.12 ಮಿ.ಮೀ.; ಒಂದು ಬದಿಗೆ ಲೆಕ್ಕ ಹಾಕಿದರೆ 0.06, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. "ಅಂದರೆ ಆಗ್ತದೋ ಇಲ್ವೋ?" ಎಂದು ಅಮ್ಮ ಕೇಳಿದರು. "ಆಗ್ತದೆ ಅಮ್ಮಾ. ಇದೊಂದು ಸಲಕ್ಕೆ ಆಗ್ತದೆ," ಎಂದರು ಮೆಕ್ಯಾನಿಕ್.

ಲೇತಿನವರಿಗೆ ಒಪ್ಪಿಸಬೇಕಾದದ್ದು

ಎರಡು ಕೆಲಸಗಳು ಮನೆಯಲ್ಲಿ ಆಗತಕ್ಕವಲ್ಲ. ಒಂದು ಬೋರ್ ಮಾಡುವುದು. ಇನ್ನೊಂದು ಕನೆಕ್ಟಿಂಗ್ ರಾಡನ್ನು ಬದಲಿಸುವುದು.

ಬೋರ್ ಮಾಡಿಸುವಾಗ ಪಿಸ್ಟನನ್ನು ಮೊದಲೇ ಕೊಂಡು ಲೇತಿನವರ ಕೈಗೆ ಕೊಡಬೇಕು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬದೆ ಆ ಪಿಸ್ಟನನ್ನೇ ಅಳೆದು ಅದಕ್ಕೆ ಸಲ್ಲುವಂತೆ ಕೊರೆಯಬೇಕು. ಪಿಸ್ಟನಿನ ಅಲ್ಯೂಮಿನಿಯಂ ಕಾದಾಗ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ತಣ್ಣಗಿರುವಾಗ ಇವೆರಡರ ನಡುವೆ ತಕ್ಕಷ್ಟು ಎಡೆ ಬಿಡದಿದ್ದರೆ ಬಿಸಿಯಾದಾಗ ಪಿಸ್ಟನು ಕಚ್ಚಿಕೊಳ್ಳುತ್ತದೆ. ಎಡೆ ಹೆಚ್ಚಾದರೆ ಬಡಿಯುವ ಸದ್ದು ಕೇಳಿಸುತ್ತದೆ. ಎಷ್ಟಿರಬೇಕೆಂಬುದನ್ನು ತಯಾರಕರ ಕೈಪಿಡಿ ನೋಡಿ ನಿರ್ಧರಿಸಬೇಕು.

ಇನ್ನೊಂದು ಸಂಗತಿಯನ್ನು ಲೇತಿನವರಿಗೆ ಬಾಯಿಬಿಟ್ಟು ಹೇಳಬೇಕು. ಕೊರೆದ ಮೇಲೆ ಕಿಂಡಿಗಳ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಆ ಅಂಚನ್ನು ಸಣ್ಣ ಅರದಿಂದ ತುಸುವೇ ಮೊಂಡು ಮಾಡದಿದ್ದರೆ ರಿಂಗುಗಳು ಅದಕ್ಕೆ ಸಿಕ್ಕಿ ಮುರಿಯುತ್ತವೆ. ಇಂದಿನ ಲೇತುಗಳಿಗೆ ಬರುವ ಎಂಜಿನುಗಳಲ್ಲಿ ಬಹುಪಾಲು ನಾಲ್ಕು ಹೊಡೆತದವು. ಅವುಗಳ ಸಿಲಿಂಡರಿನಲ್ಲಿ ಕಿಂಡಿಗಳೇ ಇಲ್ಲ. ಆದುದರಿಂದ ಹೊಸ ತಲೆಮಾರಿನ ಕೆಲಸಗಾರರಿಗೆ ಈ ವಿಷಯ ಹೊಳೆಯದಿರಬಹುದು. ಹಿರಿಯ ಮೆಕ್ಯಾನಿಕ್ ಕಣ್ಣುಮುಚ್ಚಿ ಪ್ರತಿಯೊಂದು ಕಿಂಡಿಯ ಅಂಚಿನ ಮೇಲೂ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, "ಇಲ್ಲಿ ಇನ್ನೊಂಚೂರು" ಎಂದರು. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣಿಸಿರಲಿಲ್ಲ. ಪುಸ್ತಕದಿಂದ ಕಲಿಯಲಾಗದ ವಿದ್ಯೆ ಎಂದರೆ ಇದು.

ಕನೆಕ್ಟಿಂಗ್ ರಾಡಿನ ಪರೀಕ್ಷೆ ಸರಳ. ಅದನ್ನು ನೆಟ್ಟಗೆ ನಿಲ್ಲಿಸಿ ಮೇಲಕ್ಕೂ ಕೆಳಕ್ಕೂ ಎಳೆದು ಒತ್ತಿ ನೋಡಬೇಕು. ಪಕ್ಕಕ್ಕೆ ತುಸು ಜರುಗುವುದು ಸಹಜ. ಮೇಲೆ ಕೆಳಗೆ ಆಟವಿರಕೂಡದು. ಇದ್ದರೆ ಕೆಳಗಿನ ಬೇರಿಂಗು ಸವೆದಿದೆಯೆಂದೇ ಅರ್ಥ. ಈ ಎಂಜಿನಿನ ಕ್ರ್ಯಾಂಕು ಒತ್ತಿ ಜೋಡಿಸಿದ ತುಂಡುಗಳಿಂದಾದುದು. ಅದನ್ನು ಬಿಡಿಸಿ ಹೊಸ ರಾಡು ಹಾಕಲು ಟನ್ನುಗಟ್ಟಲೆ ಒತ್ತುವ ಪ್ರೆಸ್ಸು ಬೇಕು. ಜೋಡಿಸಿದ ಮೇಲೆ ಎರಡು ತುದಿಗಳೂ ಒಂದೇ ನೇರದಲ್ಲಿ ತಿರುಗುತ್ತವೆಯೇ ಎಂದು ಡಯಲ್ ಗೇಜಿನಿಂದ ನೋಡಬೇಕು. ಓಲಾಟ ಮಿಲಿಮೀಟರಿನ ನೂರನೆಯ ಎರಡು ಮೂರು ಭಾಗದೊಳಗೆ ಇರಬೇಕು. ಸುತ್ತಿಗೆಯಿಂದ ತಟ್ಟಿ ಅಂದಾಜಿನಲ್ಲಿ ಸರಿಮಾಡಿದ ಕ್ರ್ಯಾಂಕು ಹೊಸ ಬೇರಿಂಗುಗಳನ್ನು ಬೇಗನೆ ನುಂಗಿಹಾಕುತ್ತದೆ.

ಅಂಗಳದಲ್ಲಿ ಜೋಡಣೆ

ಉಳಿದುದೆಲ್ಲ ಮನೆಯವರ ಕೆಲಸ. ನಮ್ಮ ಕ್ರ್ಯಾಂಕ್ ಕೇಸಿನ ಎರಡು ಹೋಳುಗಳು ಕೂಡುವ ಮುಖದಲ್ಲಿ ಆಳವಾದ ಗೀರುಗಳಿದ್ದವು. ಹಿಂದೆಂದೋ ರಿಪೇರಿ ಮಾಡಿದವರು ಸಂದಿಗೆ ಸ್ಕ್ರೂಡ್ರೈವರ್ ತೂರಿ ಎಬ್ಬಿಸಿದ ಗುರುತು ಅದು. ತಿದಿಗೆ ತೂತು ಬೀಳುವುದು ಹೀಗೆಯೇ. ಹೋಳುಗಳನ್ನು ಬೇರ್ಪಡಿಸುವಾಗ ಮರದ ಕೊಡತಿಯಿಂದ ಸುತ್ತಲೂ ಮೆಲ್ಲನೆ ತಟ್ಟಬೇಕು, ಇಲ್ಲವೆ ಪುಲ್ಲರ್ ಬಳಸಬೇಕು. ನಾವು ಆ ಮುಖವನ್ನು ಗಾಜಿನ ಹಲಗೆಯ ಮೇಲೆ ಹಾಸಿದ ನಯವಾದ ಉಜ್ಜುಕಾಗದದ ಮೇಲೆ, ಉಬ್ಬಿದ್ದ ಅಂಚುಗಳು ಅಡಗುವಷ್ಟು ಮಾತ್ರ ಉಜ್ಜಿ ಸಮ ಮಾಡಿದೆವು.

ಬೇರಿಂಗುಗಳನ್ನು ಹೊಡೆದು ಕೂರಿಸಬಾರದು. ಇಲ್ಲಿ ಬಿಸಿ ಮತ್ತು ತಂಪು ಎರಡೂ ನಮ್ಮ ನೆರವಿಗೆ ಬರುತ್ತವೆ. ಅಲ್ಯೂಮಿನಿಯಮಿನ ಕೇಸನ್ನು ಸುಮಾರು 100 ಡಿಗ್ರಿಯವರೆಗೆ ಒಂದೇ ಸಮನಾಗಿ ಕಾಯಿಸಿದರೆ, ಎಂದರೆ ನೀರಿನ ಹನಿ ಬಿದ್ದೊಡನೆ ಚುಯ್ಯೆನ್ನುವಷ್ಟು, ಬೇರಿಂಗಿನ ಗೂಡು ಹಿಗ್ಗುತ್ತದೆ. ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಹಿಂದಿನ ರಾತ್ರಿಯೇ ಫ್ರಿಜ್ಜಿನ ಮಂಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ಕುಗ್ಗುತ್ತದೆ. ಎರಡನ್ನೂ ಕೂಡಿಸಿದಾಗ ಬೇರಿಂಗು ಹೊಡೆತವಿಲ್ಲದೆ ತನ್ನ ಗೂಡಿಗೆ ಇಳಿಯುತ್ತದೆ. ಫ್ರಿಜ್ಜಿಗೆ ಮನೆಯೊಡತಿಯ ಅನುಮತಿ ಪಡೆಯುವುದು ಕ್ಷೇಮ!

ಹೊಸದಾಗಿ ಬೋರ್ ಮಾಡಿಸಿದ ಸಿಲಿಂಡರನ್ನು ಡೀಸೆಲಿನಲ್ಲಿ ತೊಳೆದರೆ ಸಾಲದು. ಉಜ್ಜುಕಲ್ಲಿನ ಸೂಕ್ಷ್ಮ ಪುಡಿ ಗೋಡೆಯ ಗೀರುಗಳಲ್ಲಿ ಕುಳಿತಿರುತ್ತದೆ. ಬಿಸಿನೀರು, ಸಾಬೂನು, ಬ್ರಶ್ಶು ಇವುಗಳಿಂದ ಮತ್ತೆ ಮತ್ತೆ ತಿಕ್ಕಬೇಕು. ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬೆಳ್ಳಗೇ ಉಳಿಯುವ ತನಕ ಈ ಕೆಲಸ ಮುಗಿಯಲಿಲ್ಲವೆಂದು ತಿಳಿಯಬೇಕು. ಒಣಗಿದ ಕೂಡಲೇ ಎಣ್ಣೆ ಸವರಬೇಕು. ನಮ್ಮಲ್ಲಿ ಈ ಭಾಗವನ್ನು ಅಮ್ಮನೇ ವಹಿಸಿಕೊಂಡರು. ಹಿತ್ತಾಳೆಯ ಪಾತ್ರೆಗಳನ್ನು ಅರುವತ್ತು ವರ್ಷ ಬೆಳಗಿದ ಕೈಗೆ ಯಾರ ಉಪದೇಶವೂ ಬೇಕಾಗಲಿಲ್ಲ.

ರಿಂಗುಗಳನ್ನು ಹಾಕುವ ಮೊದಲು ಒಂದೊಂದನ್ನೂ ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ ಎರಡು ತುದಿಗಳ ನಡುವಿನ ಎಡೆಯನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಈ ಅಳತೆಯ ಸಿಲಿಂಡರಿಗೆ ಸುಮಾರು ಕಾಲು ಮಿ.ಮೀ. ಎಡೆ ಇರಬೇಕು. ತೀರ ಕಡಿಮೆಯಾದರೆ ಕಾದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯುತ್ತದೆ. ಪಿಸ್ಟನಿನ ಗಾಡಿಯಲ್ಲಿ ಸಣ್ಣ ಮೊಳೆಗಳಿರುತ್ತವೆ. ರಿಂಗಿನ ತುದಿಗಳು ಆ ಮೊಳೆಯ ಇಕ್ಕೆಲಗಳಲ್ಲೇ ಕೂರಬೇಕು. ತಿರುಗಿ ಕಿಂಡಿಗೆ ಸಿಕ್ಕದಿರಲೆಂದೇ ಈ ಏರ್ಪಾಡು. ಪಿಸ್ಟನಿನ ನೆತ್ತಿಯ ಮೇಲಿನ ಬಾಣದ ಗುರುತು ಹೊಗೆ ಹೊರಹೋಗುವ ಕಡೆಗಿರಬೇಕು. ಹೊಸ ಪ್ಯಾಕಿಂಗು, ಹೊಸ ಸೀಲು, ಹೊಸ ಸರ್ಕ್ಲಿಪ್ಪು ಈ ಮೂರರಲ್ಲಿ ಜಿಪುಣತನ ಸಲ್ಲದು. ಪ್ರತಿಯೊಂದು ಬೇರಿಂಗಿಗೂ ಎಣ್ಣೆ ಹನಿಸಿ, ತಲೆಯ ನಟ್ಟುಗಳನ್ನು ಮತ್ತೆ ಎದುರುಬದುರಾಗಿ, ಮೂರು ನಾಲ್ಕು ಸುತ್ತಿನಲ್ಲಿ ಬಿಗಿಯಬೇಕು. ಪ್ರತಿ ಹಂತದಲ್ಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಬಿಗಿ ಕಂಡರೆ ಮುಂದುವರಿಯದೆ ಅಲ್ಲಿಯೇ ನಿಂತು ಕಾರಣ ಹುಡುಕಬೇಕು.

ಮೊದಲ ಕಿಡಿ, ಮೊದಲ ಮೈಲಿಗಳು

ಕಿಡಿಯ ಕಾಲವನ್ನು ಹೊಂದಿಸುವುದು ಕೊನೆಯ ಸೂಕ್ಷ್ಮ ಕೆಲಸ. ಪಾಯಿಂಟುಗಳ ಎಡೆ ಸುಮಾರು 0.4 ಮಿ.ಮೀ. ಇರಲಿ. ಪಿಸ್ಟನು ತುದಿ ಮುಟ್ಟುವುದಕ್ಕೆ ಮುನ್ನ, ಕೈಪಿಡಿಯಲ್ಲಿ ಹೇಳಿದಷ್ಟು ಮಿಲಿಮೀಟರು ಕೆಳಗಿರುವಾಗ ಪಾಯಿಂಟು ತೆರೆಯತೊಡಗಬೇಕು. ಪ್ಲಗ್ಗಿನ ರಂಧ್ರದಲ್ಲಿ ಆಳದ ಗೇಜನ್ನಿಟ್ಟು, ಪಾಯಿಂಟುಗಳ ನಡುವೆ ತೆಳ್ಳನೆಯ ಕಾಗದ ಸಿಕ್ಕಿಸಿ, ಅದು ಬಿಗಿ ತಪ್ಪಿ ಜಾರುವ ಕ್ಷಣವನ್ನು ಗುರುತಿಸಿದರೆ ಸಾಕು. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಕಂಡೆನ್ಸರನ್ನೂ ಬದಲಿಸುವುದು ಲೇಸು.

ಈ ಎಂಜಿನಿನ ಪಿಸ್ಟನಿಗೂ ಕ್ರ್ಯಾಂಕಿಗೂ ಎಣ್ಣೆ ತಲುಪುವುದು ಪೆಟ್ರೋಲಿನೊಡನೆ ಬೆರೆತು. ಹೊಸ ಜೋಡಣೆಗೆ ಒಂದು ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಎರಡು ಹೊಡೆತದ ಎಂಜಿನಿನ ಎಣ್ಣೆ ಬೆರೆಸುವುದು ಸುರಕ್ಷಿತ. ಈಗಿನ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲಿನ ಕೊಳವೆಗಳನ್ನು ಹೊಸದು ಮಾಡಿ, ವಾರಗಟ್ಟಲೆ ಓಡಿಸದಿರುವಾಗ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಬೇಕು.

ನಮ್ಮ ಎಂಜಿನು ಒಂಬತ್ತನೆಯ ಕಿಕ್ಕಿಗೆ ಎದ್ದಿತು. ಅಂಗಳ ತುಂಬ ಹೊಗೆ. ಜೋಡಿಸುವಾಗ ಹಾಕಿದ ಎಣ್ಣೆ ಸುಡುವವರೆಗೆ ಅದು ಸಹಜ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಪೂರ್ತಿ ತಣಿದ ಮೇಲೆ ತಲೆಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆವು.

ಮೊದಲ 500 ಕಿಲೋಮೀಟರು ಎಂಜಿನಿಗೆ ಬಾಣಂತನವಿದ್ದಂತೆ. ಅರ್ಧಕ್ಕಿಂತ ಹೆಚ್ಚು ವೇಗ ಬೇಡ. ಹಿಂದೆ ಸವಾರರು ಬೇಡ. ದೊಡ್ಡ ಗೇರಿನಲ್ಲಿ ಏರು ಹತ್ತಿಸುವುದು ಬೇಡ. ಒಂದು ವಿಷಯವಂತೂ ನಮ್ಮ ಘಟ್ಟದ ಸೀಮೆಯವರು ನೆನಪಿಡಲೇಬೇಕಾದುದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಂತಹ ದೀರ್ಘ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲು ಹೋಗದು. ಪೆಟ್ರೋಲು ಹೋಗದಿದ್ದರೆ ಎಣ್ಣೆಯೂ ಹೋಗದು. ನಡುನಡುವೆ ತುಸು ತೆರೆದು ಎಂಜಿನಿಗೆ ಎಣ್ಣೆ ಉಣಿಸುತ್ತಿರಬೇಕು. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ. ಎಂಜಿನಿನ ಸದ್ದು ಇದ್ದಕ್ಕಿದ್ದಂತೆ ಬಿಗಿಯಾದರೆ ತಕ್ಷಣ ಕ್ಲಚ್ಚು ಹಿಡಿಯುವುದರಿಂದ ಜೀವ ಉಳಿಯುತ್ತದೆ.

ಸಂಖ್ಯೆ ಉಳಿಯಲಿ, ದಾಖಲೆಯೂ ಉಳಿಯಲಿ

ಇಷ್ಟೆಲ್ಲ ಶ್ರಮ ಯಾಕೆ, ಇನ್ನೊಂದು ಹಳೆಯ ಎಂಜಿನು ತಂದು ಕೂರಿಸಬಾರದೇ ಎಂದು ಕೇಳುವವರುಂಟು. ಕ್ರ್ಯಾಂಕ್ ಕೇಸಿನ ಮೇಲೆ ಅಚ್ಚೊತ್ತಿದ ಸಂಖ್ಯೆಯೇ ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆ. ಅದು ಬದಲಾದರೆ ಕಚೇರಿಗಳಿಗೆ ಅಲೆದಾಟ ತಪ್ಪಿದ್ದಲ್ಲ. ಗಡಿಯ ಇತ್ತಲಿನವರಿಗೆ ಇದು ಇನ್ನೂ ಮುಖ್ಯ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿ ಹೊಸದಾಗಿ ನೋಂದಾಯಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಸೋದರಮಾವನ ಮನೆಯಿಂದ ಬಂದ ಯಂತ್ರವಾದರೂ ಈ ನಿಯಮ ತಪ್ಪದು. ಐವತ್ತು ವರ್ಷ ಮೀರಿದ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನೋಂದಣಿ ನಿಯಮಗಳನ್ನು ಹೊರಡಿಸಿತು. ಎಂಜಿನು, ಚೌಕಟ್ಟು ಮೂಲರೂಪದಲ್ಲೇ ಇರಬೇಕೆಂಬುದು ಅದರ ಮುಖ್ಯ ಷರತ್ತು. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ಜಾಥಾ ಮುಂತಾದವುಗಳಿಗೆ ಒಯ್ಯಬಹುದಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಯಾವುದು ತಮಗೆ ಸಲ್ಲುವುದೆಂದು ಕೆಲಸಕ್ಕೆ ಕೈಹಾಕುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯ ಮೂಲೆಯಲ್ಲಿ ಇಂತಹ ಯಂತ್ರವೊಂದಿದ್ದರೆ ಮೊದಲು ಅದರ ಬಗ್ಗೆ ತಿಳಿದ ಹಿರಿಯರನ್ನು ಹುಡುಕಿ, ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಅವರಿಂದ ಕಲಿಯಿರಿ. ಎಂಜಿನನ್ನು ಬಿಚ್ಚುವುದು ಆಮೇಲಿನ ಮಾತು. ಬಿಚ್ಚಿದರೆ, ಅಳೆದ ಪ್ರತಿಯೊಂದು ಅಂಕಿಯನ್ನೂ ದಿನಾಂಕದೊಡನೆ ಬರೆದಿಡಿ. 1978ರಲ್ಲಿ ಒಬ್ಬರು ಬರೆದಿಟ್ಟ ಒಂದು ಸಾಲು ನಮಗೆ 2024ರಲ್ಲಿ ದಾರಿ ತೋರಿತು. ನಮ್ಮ ಸಿಲಿಂಡರನ್ನು ಇನ್ನೊಮ್ಮೆ ಕೊರೆಯುವಂತಿಲ್ಲ. ಮುಂದಿನ ಬಾರಿ ಸ್ಲೀವ್ ಮಾಡಿಸಲೇಬೇಕು. ಅದನ್ನು ಮಾಡಿಸುವವರು ನಾವಾಗಿರಲಿಕ್ಕಿಲ್ಲ. ಹಾಗಾಗಿ ಆ ವಿಷಯವನ್ನೂ ಸ್ಪಷ್ಟವಾದ ಅಕ್ಷರಗಳಲ್ಲಿ, ಕನ್ನಡದಲ್ಲಿ, ಅದೇ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇವೆ.